ಆನೆಯ ಸುಖದುಃಖಗಳನ್ನು ಅಳೆಯುವುದು ಹೇಗೆ?

ಮೂರು ಬೋಗುಣಿಗಳಲ್ಲಿ ನೀರನ್ನು ತೆಗೆದುಕೊಳ್ಳೋಣ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಕೈ ಸಹಿಸುವಷ್ಟು ಬಿಸಿಯಾದ ನೀರು, ನಡುವಿನದರಲ್ಲಿ ಉಗುರುಬೆಚ್ಚನೆಯ ನೀರು ಇರಲಿ. ಎಡಗೈಯನ್ನು ತಣ್ಣೀರಿನಲ್ಲಿಯೂ ಬಲಗೈಯನ್ನು ಬಿಸಿನೀರಿನಲ್ಲಿಯೂ ಒಂದೆರಡು ನಿಮಿಷ ಇಟ್ಟಿದ್ದು, ಬಳಿಕ ಎರಡನ್ನೂ ನಡುವಿನ ಬೋಗುಣಿಯಲ್ಲಿ ಅದ್ದಿದರೆ, ಒಂದೇ ನೀರು ಎಡಗೈಗೆ ಬಿಸಿಯಾಗಿಯೂ ಬಲಗೈಗೆ ತಣ್ಣಗೂ ತೋರುವುದು. ಉಷ್ಣತೆಯನ್ನು ಕೈಯಿಂದ ಮುಟ್ಟಿ ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದನ್ನು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಹೀಗೆ ತೋರಿಸಿಕೊಡುವುದುಂಟು. ಉಷ್ಣತಾಮಾಪಕವು ಬಂದ ಮೇಲೆ ಈ ಜಗಳ ತೀರಿತು.

ಪ್ರಾಣಿಗಳ ಸ್ಥಿತಿಗತಿಯ ವಿಷಯದಲ್ಲಿ ನಾವು ಇನ್ನೂ ಬಹುಮಟ್ಟಿಗೆ ಕೈಯಿಂದ ಮುಟ್ಟಿ ನೋಡುವ ಹಂತದಲ್ಲಿಯೇ ಇದ್ದೇವೆ. ಶಿವಮೊಗ್ಗೆಯ ಸಮೀಪದಲ್ಲಿರುವ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ತುಂಗೆಯ ಹಿನ್ನೀರಿನಲ್ಲಿ ಆನೆಗಳು ಸ್ನಾನಮಾಡುವುದನ್ನು ಕಂಡು ಬಂದವರು "ಎಷ್ಟು ಸುಖವಾಗಿವೆ!" ಎನ್ನುವರು. ಅದೇ ಆನೆಯ ಕಾಲಿನ ಸರಪಳಿಯನ್ನು ಕಂಡವರು "ಎಂತಹ ದುಃಖ!" ಎನ್ನುವರು. ಇಬ್ಬರೂ ಕಂಡದ್ದು ಒಂದೇ ಪ್ರಾಣಿಯನ್ನು. ಅವರಲ್ಲಿ ಯಾರು ಸರಿ? ಬಾಯಿಬಾರದ ಪ್ರಾಣಿಯನ್ನು ಕೇಳಿ ತಿಳಿಯುವಂತಿಲ್ಲ. ಆದರೆ ಅದರ ನಡವಳಿಕೆಯನ್ನು ನಿಯಮಬದ್ಧವಾಗಿ ನೋಡಿ, ಎಣಿಸಿ, ಬರೆದಿಟ್ಟರೆ, ಈ ಪ್ರಶ್ನೆಗೆ ಅಭಿಪ್ರಾಯಕ್ಕಿಂತ ಗಟ್ಟಿಯಾದ ಉತ್ತರವು ದೊರೆಯುವುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ನಾಡಿನ ದುಡಿಯುವ ಆನೆಗಳು

ಕರ್ನಾಟಕದಲ್ಲಿ ಆನೆಗಳ ದುಡಿಮೆಗೆ ದೀರ್ಘವಾದ ಇತಿಹಾಸವಿದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಖೆಡ್ಡಾ ವಿಧಾನವನ್ನು ಆಚರಣೆಗೆ ತಂದನು. ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ ದೊಡ್ಡಿಗೆ ಅಟ್ಟಿ ಹಿಡಿಯುವ ಈ ಪದ್ಧತಿಯು ಕಾಕನಕೋಟೆಯ ಕಾಡಿನಲ್ಲಿ 1971ರವರೆಗೆ ನಡೆಯಿತು. ಹೀಗೆ ಹಿಡಿದ ಆನೆಗಳು ಕಾಡಿನಲ್ಲಿ ಮರದ ದಿಮ್ಮಿಗಳನ್ನು ಎಳೆದವು. ಅರಮನೆಗೂ ದೇವಾಲಯಗಳಿಗೂ ಹೋದವು.

ದಿಮ್ಮಿ ಎಳೆಯುವ ಕೆಲಸವು ಈಗ ಹೆಚ್ಚು ಉಳಿದಿಲ್ಲ. ಸಕ್ರೆಬೈಲು, ದುಬಾರೆ, ಮತ್ತಿಗೋಡು, ಬಳ್ಳೆ ಮುಂತಾದ ಬಿಡಾರಗಳ ಆನೆಗಳು ಇಂದು ಬೇರೆ ಬಗೆಯ ಕೆಲಸಗಳನ್ನು ಮಾಡುತ್ತವೆ. ತೋಟಗದ್ದೆಗಳಿಗೆ ನುಗ್ಗುವ ಕಾಡಾನೆಗಳನ್ನು ಅಟ್ಟುವುದು, ಅವುಗಳನ್ನು ಹಿಡಿಯಲು ನೆರವಾಗುವುದು, ಅರಣ್ಯದಲ್ಲಿ ಗಸ್ತು ತಿರುಗುವುದು, ಮೈಸೂರಿನ ದಸರಾ ಮೆರವಣಿಗೆಯಲ್ಲಿ ನಡೆಯುವುದು ಇವೇ ಮುಖ್ಯವಾದುವು. ದಸರೆಯ ಚಿನ್ನದ ಅಂಬಾರಿಯ ತೂಕವು ಸುಮಾರು 750 ಕಿಲೋಗ್ರಾಂ. ಅದನ್ನು ಹೊರುವ ಆನೆಗೆ ವಾರಗಟ್ಟಲೆ ಮರಳಿನ ಮೂಟೆಗಳನ್ನು ಹೊರಿಸಿ ನಡೆಸುವರು; ಜನರ ಗದ್ದಲಕ್ಕೂ ಕುಶಾಲತೋಪುಗಳ ಸದ್ದಿಗೂ ಆನೆಗಳನ್ನು ಒಗ್ಗಿಸುವರು.

ಈ ಕೆಲಸಗಳು ಅಪಾಯವಿಲ್ಲದವುಗಳಲ್ಲ. 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಅರಣ್ಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಮಡಿದನು. ನಾಡೇ ಆ ದಿನ ಮರುಗಿತು. ಯಾವ ಆನೆಯನ್ನು ಯಾವ ಕೆಲಸಕ್ಕೆ ಒಯ್ಯಬಹುದು, ಯಾವುದಕ್ಕೆ ವಿಶ್ರಾಂತಿ ಬೇಕು, ಯಾವುದು ದುಡಿಮೆಯಿಂದ ನಿವೃತ್ತವಾಗಬೇಕು ಎಂಬ ನಿರ್ಣಯಗಳು ಪ್ರತಿ ವರ್ಷವೂ ನಡೆಯಬೇಕಾಗುತ್ತವೆ. ಆನೆಯ ಬೇಸರವನ್ನೂ ನೋವನ್ನೂ ತಪ್ಪಾಗಿ ಓದಿದರೆ ಅದಕ್ಕೆ ಬೆಲೆ ತೆರುವುದು ಆನೆ ಮಾತ್ರವಲ್ಲ. ಅದರ ಕುತ್ತಿಗೆಯ ಮೇಲೆ ಕುಳಿತ ಮಾವುತನ ಪ್ರಾಣವೂ ಅದನ್ನೇ ಅವಲಂಬಿಸಿರುವುದು.

ಪ್ರಾಚೀನರ ಗಜದಿನಚರಿ

ಈ ಚಿಂತೆಯು ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಗಳ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ಆನೆಯ ದಿನವನ್ನು ಕಾಲಾನುಸಾರವಾಗಿ ಹಂಚಿಕೊಟ್ಟಿದೆ. ಹಗಲನ್ನು ಎಂಟು ಭಾಗಮಾಡಿ, ಮೊದಲನೆಯ ಮತ್ತು ಏಳನೆಯ ಭಾಗಗಳನ್ನು ಸ್ನಾನಕ್ಕೂ, ಸ್ನಾನದ ನಂತರದ ಹೊತ್ತನ್ನು ಆಹಾರಕ್ಕೂ, ಪೂರ್ವಾಹ್ಣವನ್ನು ವ್ಯಾಯಾಮಕ್ಕೂ, ಅಪರಾಹ್ಣವನ್ನು ಪಾನಕ್ಕೂ ಗೊತ್ತುಮಾಡಿದೆ. ರಾತ್ರಿಯ ಮೂರು ಭಾಗಗಳಲ್ಲಿ ಎರಡು ನಿದ್ರೆಗೆ. ಉಳಿದೊಂದು ಮಲಗುವುದಕ್ಕೆ ಮತ್ತು ಏಳುವುದಕ್ಕೆ. ಆನೆಯ ಲಾಯವನ್ನು ಚೊಕ್ಕಟವಾಗಿ ಇಡದವನಿಗೆ, ಮೇವು ತರದವನಿಗೆ, ಬರಿಯ ನೆಲದ ಮೇಲೆ ಮಲಗಿಸಿದವನಿಗೆ, ಹೊಡೆಯಬಾರದ ಕಡೆ ಹೊಡೆದವನಿಗೆ, ಅಕಾಲದಲ್ಲಿ ಸವಾರಿಮಾಡಿದವನಿಗೆ ದಂಡವುಂಟು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿಯೂ ಆನೆಗಳ ವಿಚಾರಕ್ಕೆ ವಿಸ್ತಾರವಾದ ಎಡೆಯಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅರ್ಥಶಾಸ್ತ್ರವು ಆನೆಗೆ ಏನನ್ನು ಕೊಡಬೇಕೆಂದು ವಿಧಿಸುತ್ತದೆ. ಕೊಟ್ಟ ಮೇಲೆ ಆನೆಯು ಹೇಗಿದೆ ಎಂಬುದನ್ನು ಪರೀಕ್ಷಿಸುವ ಕ್ರಮವನ್ನು ಅಷ್ಟು ಬಿಡಿಸಿ ಹೇಳುವುದಿಲ್ಲ. ಈ ಎರಡರ ನಡುವಣ ವ್ಯತ್ಯಾಸವೇ ಆಧುನಿಕ ವಿಚಾರದ ತಿರುಳು.

ಕ್ಷೇಮವೆಂದರೆ ಏನು?

1964ರಲ್ಲಿ ಇಂಗ್ಲೆಂಡಿನ ರೂತ್ ಹ್ಯಾರಿಸನ್ ಎಂಬಾಕೆಯು, ಕೋಳಿ ಕರುಗಳನ್ನು ಇಕ್ಕಟ್ಟಾದ ಗೂಡುಗಳಲ್ಲಿ ಯಂತ್ರಗಳಂತೆ ಸಾಕುವ ಪದ್ಧತಿಯನ್ನು ಖಂಡಿಸಿ ಒಂದು ಗ್ರಂಥವನ್ನು ಬರೆದಳು. ಅದರಿಂದೆದ್ದ ಚರ್ಚೆಯ ಫಲವಾಗಿ ಅಲ್ಲಿನ ಸರ್ಕಾರವು ನೇಮಿಸಿದ ಬ್ರಾಂಬೆಲ್ ಸಮಿತಿಯು 1965ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಪ್ರಾಣಿಯು ಏಳಲು, ಮಲಗಲು, ತಿರುಗಲು, ಮೈಯನ್ನು ಶುಚಿಮಾಡಿಕೊಳ್ಳಲು, ಕಾಲು ಚಾಚಲು ಅವಕಾಶವಿರಬೇಕೆಂಬುದು ಅದರ ಸಾರ. ಇದೇ ಮುಂದೆ 1979ರಲ್ಲಿ ಐದು ಸ್ವಾತಂತ್ರ್ಯಗಳ ರೂಪವನ್ನು ತಾಳಿತು. ಹಸಿವು ಬಾಯಾರಿಕೆಗಳಿಂದ, ಅನನುಕೂಲತೆಯಿಂದ, ನೋವು ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ ಹಾಗೂ ತನ್ನ ಸಹಜ ನಡವಳಿಕೆಯನ್ನು ತೋರುವ ಸ್ವಾತಂತ್ರ್ಯ ಇವೇ ಆ ಐದು.

ಇವುಗಳನ್ನು ಅಳೆಯುವ ದಾರಿಗಳು ಎರಡು. ಸರಪಳಿಯ ಉದ್ದ, ನೆರಳಿನ ವಿಸ್ತಾರ, ಮೇವಿನ ತೂಕ, ದುಡಿಮೆಯ ಗಂಟೆಗಳು ಇವನ್ನು ಅಳತೆಪಟ್ಟಿ, ತಕ್ಕಡಿ, ಗಡಿಯಾರಗಳಿಂದ ತಿಳಿಯಬಹುದು. ಇದು ಮೊದಲನೆಯ ದಾರಿ; ಸುಲಭವಾದುದು. ಆದರೆ ಕೊಠಡಿಯಲ್ಲಿ ಎಷ್ಟು ಇದ್ದಿಲು ಉರಿಸಿದೆವೆಂಬ ಲೆಕ್ಕದಿಂದ ಕೊಠಡಿಯ ಉಷ್ಣತೆಯು ತಿಳಿಯುವುದಿಲ್ಲವಷ್ಟೆ, ಉಷ್ಣತಾಮಾಪಕವನ್ನೇ ನೋಡಬೇಕು. ಅಂತೆಯೇ ಪ್ರಾಣಿಯನ್ನೇ ನೋಡುವುದು ಎರಡನೆಯ ದಾರಿ. ಅದರ ಮೈಕಟ್ಟು, ಪಾದ, ಚರ್ಮ, ಗಾಯಗಳು ಒಂದು ಕಡೆ. ಅದರ ನಡವಳಿಕೆಯು ಇನ್ನೊಂದು ಕಡೆ.

ಮೊದಲ ಹೆಜ್ಜೆ: ಕಂಡದ್ದನ್ನು ಕಂಡಂತೆ ಬರೆಯುವುದು

ವೀಕ್ಷಣೆಗೆ ಮೊದಲು ನಡವಳಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಪಟ್ಟಿಯಲ್ಲಿ "ಕೋಪಗೊಂಡಿದೆ", "ಸಂತೋಷವಾಗಿದೆ" ಎಂಬಂತಹ ಪದಗಳಿಗೆ ಎಡೆಯಿಲ್ಲ. ಅವು ನಮ್ಮ ಊಹೆಗಳು, ಕಂಡ ಸಂಗತಿಗಳಲ್ಲ. ಛಾಯಾಚಿತ್ರದಲ್ಲಿ ಮೂಡಬಲ್ಲುದನ್ನು ಮಾತ್ರ ಬರೆಯಬೇಕು. ಆನೆಗಾಗಿ ಇಂತಹ ಪಟ್ಟಿಯು ಹೀಗಿರಬಹುದು:

1. ತಿನ್ನುವುದು: ಸೊಂಡಿಲಿನಿಂದ ಮೇವನ್ನು ಎತ್ತುವುದು, ಬಡಿದು ಮಣ್ಣು ಕೊಡವುವುದು, ಅಗಿಯುವುದು.
2. ಮೈಯ ಆರೈಕೆ: ದೂಳು ಅಥವಾ ಕೆಸರನ್ನು ಎರಚಿಕೊಳ್ಳುವುದು, ಮರಕ್ಕೆ ಮೈ ಉಜ್ಜುವುದು, ನೀರಿನಲ್ಲಿ ಹೊರಳುವುದು.
3. ಸಂಗ: ಬೇರೊಂದು ಆನೆಯ ಬಾಯಿ, ಮುಖ, ಮೈಗಳನ್ನು ಸೊಂಡಿಲಿನಿಂದ ಮುಟ್ಟುವುದು, ಒತ್ತಾಗಿ ನಿಲ್ಲುವುದು.
4. ಎಚ್ಚರ: ಕಿವಿಗಳನ್ನು ಅಗಲಿಸಿ ಹಿಡಿಯುವುದು, ಬಾಲವನ್ನು ಎತ್ತುವುದು, ಸೊಂಡಿಲನ್ನೆತ್ತಿ ವಾಸನೆ ಹಿಡಿಯುವುದು, ಘೀಳಿಡುವುದು.
5. ತೂಗಾಟ: ನಿಂತಲ್ಲಿಯೇ ತಲೆಯನ್ನೋ ಮೈಯನ್ನೋ ಒಂದೇ ಲಯದಲ್ಲಿ ಮತ್ತೆ ಮತ್ತೆ ಆಡಿಸುವುದು.
6. ವಿಶ್ರಾಂತಿ: ಚಲನೆಯಿಲ್ಲದೆ ನಿಲ್ಲುವುದು ಅಥವಾ ಪಕ್ಕಕ್ಕೆ ಒರಗಿ ಮಲಗುವುದು.
7. ನಡಿಗೆ ಹಾಗೂ ಕೆಲಸ.

ಐದನೆಯದು ವಿಶೇಷವಾಗಿ ಗಮನಾರ್ಹ. ಗುರಿಯಿಲ್ಲದೆ, ಬದಲಾವಣೆಯಿಲ್ಲದೆ, ಲೋಲಕದಂತೆ ಒಂದೇ ಚಲನೆಯು ಮರುಕಳಿಸುವುದು ಕಾಡಾನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣವಲ್ಲ. ಬಂಧನದಲ್ಲಿರುವ ಆನೆಗಳಲ್ಲಿ ಅದು ಪದೇ ಪದೇ ಕಾಣಬರುವುದು.

ಎರಡನೆಯ ಹೆಜ್ಜೆ: ಯಾವಾಗ ನೋಡಬೇಕು?

ಸಕ್ರೆಬೈಲಿಗೆ ಹೋದ ಯಾತ್ರಿಕನು ಆನೆಗಳನ್ನು ಬೆಳಗಿನ ಎರಡು ಮೂರು ಗಂಟೆಗಳ ಕಾಲ ಮಾತ್ರ ಕಾಣುವನು. ಅದು ಸ್ನಾನದ ಮತ್ತು ಆಹಾರದ ಸಮಯ. ಉಳಿದ 21 ಗಂಟೆಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಮೂಟೆಯ ಮೇಲ್ಭಾಗದ ಕಾಳನ್ನು ಮಾತ್ರ ನೋಡಿ ಧಾನ್ಯವನ್ನು ಕೊಂಡವನಂತೆ ಅವನ ಸ್ಥಿತಿ. ಅದೂ ಅಲ್ಲದೆ, ನಮ್ಮ ಕಣ್ಣು ವಿಚಿತ್ರವಾದುದರ ಕಡೆಗೇ ಓಡುವುದು. ಆನೆ ಘೀಳಿಟ್ಟುದು ನೆನಪಿನಲ್ಲಿ ಉಳಿಯುವುದು. ಎರಡು ಗಂಟೆ ಸುಮ್ಮನೆ ನಿಂತದ್ದು ಮರೆತುಹೋಗುವುದು.

ಅಮೆರಿಕದ ಜೀವವಿಜ್ಞಾನಿ ಜೀನ್ ಆಲ್ಟ್‌ಮನ್ ಎಂಬಾಕೆಯು 1974ರಲ್ಲಿ ಪ್ರಕಟಿಸಿದ ಪ್ರಬಂಧವು ಈ ದೋಷಗಳನ್ನು ವಿಂಗಡಿಸಿ, ವೀಕ್ಷಣೆಯ ಕ್ರಮಗಳನ್ನು ಸ್ಪಷ್ಟಪಡಿಸಿತು. ಅವುಗಳಲ್ಲಿ ಎರಡು ನಮಗೆ ಉಪಯುಕ್ತ. ಒಂದೇ ಪ್ರಾಣಿಯನ್ನು ಆರಿಸಿಕೊಂಡು ಗೊತ್ತಾದ ಅವಧಿಯವರೆಗೆ ಅದು ಮಾಡಿದ್ದೆಲ್ಲವನ್ನೂ ಬರೆಯುವುದು ಒಂದು. ಗಡಿಯಾರವನ್ನು ನೋಡಿಕೊಂಡು, ಐದು ನಿಮಿಷಕ್ಕೊಮ್ಮೆ ಕಣ್ಣೆತ್ತಿ, ಆ ಕ್ಷಣದಲ್ಲಿ ಪ್ರಾಣಿಯು ಏನು ಮಾಡುತ್ತಿದೆಯೋ ಅದನ್ನು ಮಾತ್ರ ಬರೆಯುವುದು ಇನ್ನೊಂದು.

ಎರಡನೆಯದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸೋಣ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಐದು ನಿಮಿಷಕ್ಕೊಂದರಂತೆ 144 ದಾಖಲೆಗಳಾಗುವುವು. ಅವುಗಳಲ್ಲಿ ತಿನ್ನುವುದು 72, ಸುಮ್ಮನೆ ನಿಲ್ಲುವುದು 27, ತೂಗಾಟ 18, ನಡಿಗೆ ಹಾಗೂ ಕೆಲಸ 15, ಇತರ 12 ಎಂದಿರಲಿ. ಆಗ ಆನೆಯು ಹಗಲಿನ ಅರ್ಧಭಾಗವನ್ನು ತಿನ್ನುವುದರಲ್ಲಿಯೂ, ನೂರಕ್ಕೆ 12.5 ಭಾಗವನ್ನು, ಎಂದರೆ ಸುಮಾರು ಒಂದೂವರೆ ಗಂಟೆಯನ್ನು, ತೂಗಾಟದಲ್ಲಿಯೂ ಕಳೆದಿದೆಯೆಂದು ಹೇಳಬಹುದು.

ಮೊತ್ತಕ್ಕಿಂತಲೂ ಹಂಚಿಕೆಯು ಹೆಚ್ಚು ಮಾತಾಡುವುದು. ಆ 18ರಲ್ಲಿ 14 ದಾಖಲೆಗಳು ಮೇವು ಬರುವ ಮೊದಲಿನ ಒಂದೆರಡು ಗಂಟೆಗಳಲ್ಲಿ ಬಂದಿದ್ದರೆ, ಆಹಾರಕ್ಕಾಗಿ ಕಾಯುವುದೇ ಕಾರಣವೆಂದು ಶಂಕಿಸಬೇಕು. ಅವು ಜೊತೆಯ ಆನೆಯನ್ನು ಕೆಲಸಕ್ಕೆ ಒಯ್ದ ಮೇಲೆ ಬಂದಿದ್ದರೆ ಕಾರಣವು ಬೇರೆ, ಪರಿಹಾರವೂ ಬೇರೆ.

ಮೂರನೆಯ ಹೆಜ್ಜೆ: ಅಳತೆಯ ಅನಿಶ್ಚಿತತೆ

ಪ್ರಯೋಗಶಾಲೆಯಲ್ಲಿ ಲೋಲಕದ ಕಾಲವನ್ನು ಒಂದೇ ಬಾರಿ ಅಳೆದು ತೃಪ್ತಿಪಡುವ ವಿದ್ಯಾರ್ಥಿಯನ್ನು ನಾವು ಒಪ್ಪುವುದಿಲ್ಲ. ಇಲ್ಲಿಯೂ ಹಾಗೆಯೇ. ಎಣಿಕೆಯು 18 ಆಗಿದ್ದಲ್ಲಿ, ಕೇವಲ ಆಕಸ್ಮಿಕದಿಂದ ಬರುವ ಏರಿಳಿತವು ಅದರ ವರ್ಗಮೂಲದಷ್ಟು, ಎಂದರೆ ಸುಮಾರು 4 ಇರಬಹುದು. ಆನೆಯು ಒಮ್ಮೆ ತೂಗಲಾರಂಭಿಸಿದರೆ ಅನೇಕ ನಿಮಿಷ ತೂಗುವುದರಿಂದ ಅಕ್ಕಪಕ್ಕದ ದಾಖಲೆಗಳು ಒಂದನ್ನೊಂದು ಅವಲಂಬಿಸಿರುತ್ತವೆ. ಆದುದರಿಂದ ನಿಜವಾದ ಏರಿಳಿತವು ಇನ್ನೂ ಹೆಚ್ಚು. ನಿನ್ನೆ 18 ಇದ್ದುದು ಇಂದು 15 ಆಯಿತೆಂದು ಹಿಗ್ಗುವುದು ತರವಲ್ಲ. ಹಲವು ದಿನಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು.

ವೀಕ್ಷಕನೂ ಒಂದು ಉಪಕರಣವೇ. ಅವನನ್ನೂ ಪರೀಕ್ಷಿಸಬೇಕು. ಇಬ್ಬರು ವಿದ್ಯಾರ್ಥಿಗಳು ಒಬ್ಬರೊಡನೊಬ್ಬರು ಮಾತಾಡದೆ ಒಂದೇ ಆನೆಯನ್ನು ಒಂದೇ ಹೊತ್ತಿನಲ್ಲಿ ನೋಡಿ ಬರೆಯಲಿ. 144ರಲ್ಲಿ 130 ದಾಖಲೆಗಳು ಹೊಂದಿಕೊಂಡರೆ ಹೊಂದಿಕೆಯು ಸುಮಾರು ನೂರಕ್ಕೆ 90. ಇದು ಒಳ್ಳೆಯದೆಂದು ತೋರಿದರೂ ಒಂದು ಎಚ್ಚರಿಕೆ ಬೇಕು. ಆನೆಯು ದಿನವೆಲ್ಲಾ ಬಹುಮಟ್ಟಿಗೆ ತಿನ್ನುತ್ತಲೇ ಇದ್ದರೆ, ಕಣ್ಣುಮುಚ್ಚಿ "ತಿನ್ನುತ್ತಿದೆ" ಎಂದು ಬರೆದ ಇಬ್ಬರ ದಾಖಲೆಗಳೂ ಹೊಂದಿಕೊಳ್ಳುವುವು! ಆದುದರಿಂದ ಹೊಂದಿಕೆಯನ್ನು ಪ್ರತಿಯೊಂದು ನಡವಳಿಕೆಗೂ ಪ್ರತ್ಯೇಕವಾಗಿ ನೋಡಬೇಕು. ಅಪರೂಪದ ನಡವಳಿಕೆಗಳಲ್ಲಿಯೇ ಭಿನ್ನಾಭಿಪ್ರಾಯವು ಹೆಚ್ಚು. ಕ್ಷೇಮದ ನಿರ್ಣಯಕ್ಕೆ ಬೇಕಾದುವುಗಳೂ ಹೆಚ್ಚಾಗಿ ಅವೇ.

ಅರ್ಥೈಸುವಾಗ ಎದುರಾಗುವ ನಾಲ್ಕು ತೊಡಕುಗಳು

ಮೊದಲನೆಯದು ಕಿವಿಯ ಬೀಸಾಟ. ಕಿವಿ ಬೀಸುವ ಆನೆಯು ಉಲ್ಲಾಸದಿಂದಿದೆಯೆಂದು ಅನೇಕರು ನಂಬುವರು. ಇದರಲ್ಲಿ ಭೌತಶಾಸ್ತ್ರದ ಪಾತ್ರವೇ ದೊಡ್ಡದು. ಒಂದು ವಸ್ತುವಿನ ಉದ್ದ ಅಗಲ ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುವುದು. ಗಾತ್ರವು ಎಂಟು ಪಟ್ಟಾಗುವುದು. ಶರೀರದಲ್ಲಿ ಶಾಖವು ಹುಟ್ಟುವುದು ಗಾತ್ರದಲ್ಲಿ, ಹೊರಬೀಳುವುದು ಮೇಲ್ಮೈಯಿಂದ. ಆದುದರಿಂದ ದೊಡ್ಡ ಪ್ರಾಣಿಗೆ ಶಾಖವನ್ನು ಕಳೆದುಕೊಳ್ಳುವುದು ಕಷ್ಟ. ಅದೂ ಅಲ್ಲದೆ ಆನೆಗೆ ಕಾಲ್ಬೆರಳುಗಳ ಸಂದಿಯನ್ನು ಬಿಟ್ಟರೆ ಬೆವರಿನ ಗ್ರಂಥಿಗಳು ಇಲ್ಲವೆನ್ನಬಹುದು. ತೆಳುವಾದ, ರಕ್ತನಾಳಗಳು ತುಂಬಿದ ಕಿವಿಗಳೇ ಅದಕ್ಕೆ ಶಾಖವನ್ನು ಚೆಲ್ಲುವ ಬೀಸಣಿಗೆಗಳು. ಬಿಸಿಲೇರಿದಂತೆ ಬೀಸಾಟವು ಹೆಚ್ಚುವುದು. ಗಾಳಿಯ ಉಷ್ಣತೆಯನ್ನು ಜೊತೆಯಲ್ಲಿ ಬರೆಯದ ವೀಕ್ಷಕನು, ನೆರಳಿಲ್ಲದೆ ಬಳಲುವ ಆನೆಯನ್ನು ಆನಂದದಿಂದಿರುವ ಆನೆಯೆಂದು ಬರೆದುಕೊಳ್ಳುವನು.

ಎರಡನೆಯದು ನಮಗೆ ಕೇಳಿಸದ ಮಾತು. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಒಂದು ಬಗೆಯ ಮಿಡಿತವು ಅನುಭವಕ್ಕೆ ಬಂತು. ಧ್ವನಿಮುದ್ರಣವನ್ನು ಪರೀಕ್ಷಿಸಿದಾಗ, ಸೆಕೆಂಡಿಗೆ 14ರಿಂದ 24 ಕಂಪನಗಳಷ್ಟು ತಗ್ಗಿನ ಧ್ವನಿಗಳಿಂದ ಆನೆಗಳು ಒಂದನ್ನೊಂದು ಕರೆಯುವುದು ತಿಳಿದುಬಂತು. ಈ ವಿಷಯವು 1986ರಲ್ಲಿ ಪ್ರಕಟವಾಯಿತು. ಮನುಷ್ಯನ ಕಿವಿಗೆ 20 ಕಂಪನಗಳಿಗಿಂತ ಕೆಳಗಿನ ಧ್ವನಿ ಕೇಳಿಸುವುದಿಲ್ಲವೆನ್ನಬಹುದು. ಸೆಕೆಂಡಿಗೆ 17 ಕಂಪನಗಳ ಧ್ವನಿಯ ಅಲೆಯುದ್ದವು ಗಾಳಿಯಲ್ಲಿ ಸುಮಾರು 20 ಮೀಟರ್. ಇಂತಹ ದೀರ್ಘವಾದ ಅಲೆಗಳು ಮರಗಳ ನಡುವೆಯೂ ಹೆಚ್ಚು ಕ್ಷೀಣಿಸದೆ ದೂರಕ್ಕೆ ಸಾಗುವುವು. ಆದುದರಿಂದ "ಆನೆಯು ಸದ್ದಿಲ್ಲದೆ ನಿಂತಿದೆ" ಎಂದು ಬರೆಯುವಾಗ "ನಮಗೆ ಕೇಳಿಸುವ ಸದ್ದಿಲ್ಲದೆ" ಎಂದು ತಿದ್ದಿಕೊಳ್ಳಬೇಕು. ಒಂಟಿಯಾಗಿ ಕಟ್ಟಿದ ಆನೆಯು ಕರೆಯುತ್ತಲೇ ಇದ್ದರೂ ನಮಗೆ ತಿಳಿಯದೆ ಹೋಗಬಹುದು.

ಮೂರನೆಯದು ಮದ. ಪ್ರಾಯದ ಗಂಡಾನೆಗೆ ಕಾಲಕಾಲಕ್ಕೆ ಮದವೇರುವುದು. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಮದಜಲವು ಸುರಿಯುವುದು. ಆಗಿನ ಚಡಪಡಿಕೆಯು ಕಾಡಾನೆಗೂ ಸಹಜವಾದ ಶರೀರಧರ್ಮ. ಅದನ್ನು ಉಳಿದ ಕಾಲದ ದಾಖಲೆಗಳೊಡನೆ ಬೆರೆಸಿದರೆ ಲೆಕ್ಕವು ಕೆಡುವುದು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ತೂಗಾಟವು ಇಂದಿನ ನೋವಿನ ಗುರುತಾಗಿರಬಹುದು. ಹಿಂದೆಂದೋ ಪಟ್ಟ ನೋವಿನ ಗಾಯದ ಕಲೆಯೂ ಆಗಿರಬಹುದು. ಒಳ್ಳೆಯ ಬಿಡಾರಕ್ಕೆ ಬಂದು ವರ್ಷಗಳಾದ ಮೇಲೂ ಅಭ್ಯಾಸಬಲದಿಂದ ತೂಗುವ ಆನೆಗಳುಂಟು. ಇದಕ್ಕೆ ವಿರುದ್ಧವಾಗಿ, ಎಲ್ಲ ಆಸೆಯನ್ನೂ ಬಿಟ್ಟಂತೆ ನಿಶ್ಚಲವಾಗಿ ನಿಂತ ಆನೆಯನ್ನು ಜನರು "ಸಾಧು" ಎಂದು ಮೆಚ್ಚುವರು. ಸುತ್ತಣ ಸದ್ದಿಗೆ ಕಿವಿಗೊಡದ, ಜೊತೆಯ ಆನೆಯನ್ನು ಮುಟ್ಟದ, ದೂಳೆರಚಿಕೊಳ್ಳದ ಆನೆಯ ಸಾಧುತನವು ನೆಮ್ಮದಿಯ ಲಕ್ಷಣವೇ ಎಂಬುದನ್ನು ಮರಳಿ ಕೇಳಿಕೊಳ್ಳಬೇಕು. ಒಂದೇ ಗುರುತಿನಿಂದ ತೀರ್ಪು ಕೊಡಬಾರದೆಂಬುದೇ ಇದರ ತಾತ್ಪರ್ಯ.

ಹೋಲಿಕೆಗೆ ಮಾನದಂಡ

ಅಳತೆಗೆ ಮಾನದಂಡವು ಬೇಕಷ್ಟೆ. ಇಲ್ಲಿ ಕಾಡಾನೆಯ ಬದುಕೇ ಮಾನದಂಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದಿಂದ ದಕ್ಷಿಣ ಭಾರತದ ಕಾಡುಗಳಲ್ಲಿ ನಡೆಸಿದ ಅಧ್ಯಯನಗಳು ಈ ವಿಷಯದಲ್ಲಿ ಪ್ರಸಿದ್ಧವಾಗಿವೆ. ಕಾಡಾನೆಯು ದಿನದ ಬಹುಭಾಗವನ್ನು ಮೇಯುವುದರಲ್ಲಿಯೇ ಕಳೆಯುವುದು. ಹುಲ್ಲು, ಬಿದಿರು, ತೊಗಟೆ, ಎಲೆಗಳೆಂದು ಬಗೆಬಗೆಯ ಆಹಾರವನ್ನು ನಡೆಯುತ್ತ ತಿನ್ನುವುದು. ಹೆಣ್ಣಾನೆಗಳೂ ಮರಿಗಳೂ ಕುಟುಂಬವಾಗಿ ಬಾಳುವುವು. ಎರಡು ಹೊತ್ತು ಮುದ್ದೆ ಬೆಲ್ಲಗಳನ್ನು ಉಂಡು ಹೊಟ್ಟೆ ತುಂಬಿದ ಆನೆಗೂ ಮೇಯುವ ಕೆಲಸದ ಹಸಿವು ಉಳಿದಿರುವುದೆಂದು ಇದರಿಂದ ಊಹಿಸಬಹುದು. ನಮ್ಮ ಬಿಡಾರಗಳಲ್ಲಿ ಕೆಲಸ ಮುಗಿದ ಬಳಿಕ ಆನೆಗಳನ್ನು ಕಾಡಿಗೆ ಮೇಯಲು ಬಿಟ್ಟು, ಬೆಳಗ್ಗೆ ಮಾವುತರೂ ಕಾವಾಡಿಗಳೂ ಹುಡುಕಿ ತರುವ ಸಂಪ್ರದಾಯವು ಈ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು.

ಈ ಸಂಪ್ರದಾಯದ ಮಹತ್ವಕ್ಕೆ ದೂರದ ದೇಶದಿಂದಲೂ ಸಾಕ್ಷ್ಯವಿದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಯೂರೋಪಿನ ಮೃಗಾಲಯಗಳ ಆನೆಗಳನ್ನೂ ಬರ್ಮಾ ದೇಶದಲ್ಲಿ ದಿಮ್ಮಿ ಎಳೆಯುವ ಆನೆಗಳನ್ನೂ ಹೋಲಿಸಿತು. ಮೃಗಾಲಯದಲ್ಲಿ ಹುಟ್ಟಿದ ಏಷ್ಯದ ಹೆಣ್ಣಾನೆಗಳ ಮಧ್ಯಾಂಕ ಆಯುಸ್ಸು 18.9 ವರ್ಷ, ದಿಮ್ಮಿಯ ಬಿಡಾರಗಳಲ್ಲಿ ಹುಟ್ಟಿದವುಗಳದು 41.7 ವರ್ಷ. ಮಧ್ಯಾಂಕವೆಂದರೆ ಅರ್ಧದಷ್ಟು ಪ್ರಾಣಿಗಳು ಸಾಯುವ ವೇಳೆಗಾಗುವ ವಯಸ್ಸು. ದುಡಿಯದೆ ಕಾಪಾಡಲ್ಪಟ್ಟ ಆನೆಗಿಂತ ದುಡಿದ ಆನೆಯು ಹೆಚ್ಚು ಕಾಲ ಬಾಳಿತು! ಬರ್ಮಾದ ಆನೆಗಳು ರಾತ್ರಿ ಕಾಡಿನಲ್ಲಿ ಮೇಯುವುದನ್ನೂ, ಇತರ ಆನೆಗಳೊಡನೆ ಕೂಡಿ ಬಾಳುವುದನ್ನೂ ಇಲ್ಲಿ ನೆನೆಯಬೇಕು. ಹಾಗೆಂದು ದುಡಿಮೆಯೇ ಹಿತವೆಂದು ತೀರ್ಮಾನಿಸಬಾರದು. ಅದೇ ಬರ್ಮಾದ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಕಾಡಿನಿಂದ ಹಿಡಿದು ಪಳಗಿಸಿದ ಆನೆಗಳು ಬಿಡಾರದಲ್ಲಿಯೇ ಹುಟ್ಟಿದವುಗಳಿಗಿಂತ ಕೆಲವು ವರ್ಷ ಕಡಿಮೆ ಬದುಕುವುವೆಂದು ತೋರಿಸಿತು. ಹಿಡಿಯುವ ಹಾಗೂ ಪಳಗಿಸುವ ಕಾಲದ ಆಘಾತವು ಬಹುಕಾಲ ಉಳಿಯುವುದು.

ಎರಡನೆಯ ಉಪಕರಣ

ಒಂದು ಉಪಕರಣದ ಅಳತೆಯನ್ನು ಬೇರೊಂದು ಬಗೆಯ ಉಪಕರಣದಿಂದ ಒರೆಹಚ್ಚಿ ನೋಡುವುದು ಭೌತಶಾಸ್ತ್ರದ ರೂಢಿ. ನಡವಳಿಕೆಯ ಅಳತೆಗೂ ಅಂತಹ ಒರೆಗಲ್ಲೊಂದು ಲದ್ದಿಯ ರೂಪದಲ್ಲಿ ದೊರೆತಿದೆ. ಪ್ರಾಣಿಯು ಒತ್ತಡಕ್ಕೆ ಸಿಲುಕಿದಾಗ ಕಾರ್ಟಿಸಾಲ್ ಎಂಬ ರಸವು ರಕ್ತದಲ್ಲಿ ಹೆಚ್ಚುವುದು. ಅದರ ಅವಶೇಷಗಳು ಒಂದೆರಡು ದಿನಗಳ ಬಳಿಕ ಲದ್ದಿಯಲ್ಲಿ ಕಾಣಿಸುವುವು. ಸೂಜಿ ಚುಚ್ಚದೆ, ಆನೆಯನ್ನು ಮುಟ್ಟದೆ, ಇದನ್ನು ಅಳೆಯಬಹುದು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಈ ವಿಧಾನದಿಂದ ನಮ್ಮ ದೇಶದ ಸಾಕಾನೆಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹಬ್ಬ ಉತ್ಸವಗಳಲ್ಲಿ ಪಾಲುಗೊಳ್ಳುವ ಆನೆಗಳಲ್ಲಿ ಈ ಅವಶೇಷಗಳ ಪ್ರಮಾಣವು ಹೆಚ್ಚೆಂದು ಅವರು ಕಂಡರು. ಆದರೆ ಉಲ್ಲಾಸದ ಓಟದಲ್ಲಿಯೂ ಕಾರ್ಟಿಸಾಲ್ ಹೆಚ್ಚಬಲ್ಲದು. ಆದುದರಿಂದ ರಸಾಯನವೊಂದೇ ಸಾಲದು, ನಡವಳಿಕೆಯೊಂದೇ ಸಾಲದು. ಎರಡೂ ಒಂದೇ ಕಡೆ ಬೆರಳು ತೋರಿದಾಗ ನಮ್ಮ ಭರವಸೆಯು ಬಲಗೊಳ್ಳುವುದು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಜೇನುಕುರುಬ ಮುಂತಾದ ಸಮುದಾಯಗಳ ಮಾವುತರು ತಲೆಮಾರುಗಳಿಂದ ಆನೆಗಳೊಡನೆ ಬಾಳಿದವರು. ಕಾಲಿಡುವ ರೀತಿಯಲ್ಲಿ ತುಸು ಬದಲಾದರೂ ಅವರಿಗೆ ತಿಳಿಯುವುದು. ವಿಜ್ಞಾನದ ಎಣಿಕೆಯು ಅವರ ಅರಿವಿಗೆ ಬದಲಿಯಲ್ಲ. ಆ ಅರಿವನ್ನು ಬರೆದಿಟ್ಟು, ಇತರರು ಪರೀಕ್ಷಿಸಬಹುದಾದ ರೂಪಕ್ಕೆ ತರುವುದು ಅದರ ಕೆಲಸ. "ರಾತ್ರಿ ಮಲಗಲಿಲ್ಲ" ಎಂದು ಮಾವುತನು ಹೇಳಿದರೆ ಅದನ್ನು ದಿನಾಂಕದೊಡನೆ ಬರೆದಿಡಬೇಕು. ಮಲಗಲು ಹಿಂಜರಿಯುವ ಆನೆಗೆ ಕಾಲಿನ ನೋವಿರಬಹುದು, ನೆಲವು ಗಟ್ಟಿಯಾಗಿರಬಹುದು.

ಆನೆಯಿಲ್ಲದ ಊರಿನಲ್ಲಿ

ಸವಣೂರಿನ ದೊಡ್ಡಹುಣಸೆ ಮರಗಳನ್ನು ಈ ಭಾಗದ ವಿದ್ಯಾರ್ಥಿಗಳು ಕಂಡಿರುವರು. ಆಫ್ರಿಕ ಮೂಲದ ಆ ಜಾತಿಯ ಮರಗಳ ಬೊಡ್ಡೆಯನ್ನು ಆ ಖಂಡದ ಆನೆಗಳು ದಂತದಿಂದ ಕೆತ್ತಿ ತಿನ್ನುವುದುಂಟು. ಸವಣೂರಿನಲ್ಲಿ ಮರವುಂಟು, ಆನೆಗಳ ಬಿಡಾರವಿಲ್ಲ. ಹಾಗಾದರೆ ಇಲ್ಲಿನ ವಿದ್ಯಾರ್ಥಿಯು ಈ ವಿದ್ಯೆಯನ್ನು ಅಭ್ಯಾಸಮಾಡುವುದೆಲ್ಲಿ? ದುಡಿಯುವ ಪ್ರಾಣಿಯು ಅವನ ಮನೆಯ ಅಥವಾ ನೆರೆಮನೆಯ ಕೊಟ್ಟಿಗೆಯಲ್ಲಿಯೇ ಇದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೊಲಗಳಲ್ಲಿ ಟ್ರ್ಯಾಕ್ಟರು ಬಂದ ಮೇಲೂ ಕುಂಟೆ ಹೊಡೆಯಲು, ಬಂಡಿ ಎಳೆಯಲು ಎತ್ತುಗಳನ್ನು ಕಟ್ಟಿದವರು ಉಳಿದಿದ್ದಾರೆ. ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿದು ಪೂಜಿಸುವ ಎತ್ತು ಮರುದಿನ ಹೇಗಿದೆ ಎಂಬುದನ್ನೂ ನೋಡೋಣ.

ರಜೆಯ ದಿನ ಇಬ್ಬರು ಕೂಡಿ ಒಂದು ಎತ್ತನ್ನು ಆರಿಸಿಕೊಳ್ಳಿ. ಮೇಯುವುದು, ಮೆಲುಕು ಹಾಕುವುದು, ಮಲಗುವುದು, ಜೋಡಿಯೆತ್ತನ್ನು ನೆಕ್ಕುವುದು, ಹಗ್ಗ ಜಗ್ಗುವುದು, ಗೋದಲಿಯನ್ನು ಬರಿದೆ ನೆಕ್ಕುತ್ತಿರುವುದು, ಬಾಲದಿಂದ ನೊಣ ಹೊಡೆಯುವುದು ಇವುಗಳ ಪಟ್ಟಿಮಾಡಿ, ಐದು ನಿಮಿಷಕ್ಕೊಮ್ಮೆ ಬರೆಯಿರಿ. ಗಾಳಿಯ ಉಷ್ಣತೆಯನ್ನೂ, ನೊಗ ಹೂಡಿದ ಮತ್ತು ಬಿಚ್ಚಿದ ವೇಳೆಯನ್ನೂ, ಹೆಗಲ ಮೇಲಿನ ಹುಣ್ಣುಗಳನ್ನೂ ಗುರುತು ಹಾಕಿಕೊಳ್ಳಿ. ಸ್ವಸ್ಥವಾದ ದನವು ದಿನಕ್ಕೆ ಸುಮಾರು 6ರಿಂದ 8 ಗಂಟೆ ಮೆಲುಕು ಹಾಕುವುದೆಂಬುದು ನಿಮಗೆ ಮಾನದಂಡವಾಗಲಿ. ರಾತ್ರಿಯ ಮೆಲುಕನ್ನೂ ಲೆಕ್ಕಕ್ಕೆ ತರಬೇಕಾಗುವುದರಿಂದ ಒಂದೆರಡು ರಾತ್ರಿಯಾದರೂ ಸರದಿಯಂತೆ ಎಚ್ಚರವಿರಬೇಕು.

ಐದಾರು ದಿನ ಹೀಗೆ ಬರೆದ ಮೇಲೆ ಒಂದೇ ಒಂದು ಬದಲಾವಣೆಯನ್ನು ಮಾಡಿರಿ. ಹಗ್ಗವನ್ನು ಒಂದು ಮೊಳ ಉದ್ದಮಾಡಿ. ಇಲ್ಲವೆ ಮಧ್ಯಾಹ್ನದ ಬಿಸಿಲಿಗೆ ನೆರಳು ಕಟ್ಟಿ. ಇಲ್ಲವೆ ನೊಗದ ಕೆಳಗೆ ಮೆತ್ತನೆಯ ಅರಿವೆ ಸುತ್ತಿ. ಎರಡನ್ನು ಒಮ್ಮೆಗೇ ಮಾಡಬೇಡಿ. ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮತ್ತೆ ಐದಾರು ದಿನ ಎಣಿಸಿ, ಎರಡು ಸರಾಸರಿಗಳನ್ನು ಹೋಲಿಸಿ ನೋಡಿರಿ. ಎತ್ತು ಹೆಚ್ಚು ಹೊತ್ತು ಮಲಗಿ ಮೆಲುಕು ಹಾಕಿದ್ದು ಕಂಡುಬಂದರೆ, ಆ ಪುಟವನ್ನು ಮನೆಯ ಹಿರಿಯರಿಗೆ ತೋರಿಸಿರಿ. ದುಬಾರೆಯ ಆನೆಯ ಸರಪಳಿ ಎಷ್ಟು ಉದ್ದವಿರಬೇಕು, ದಸರೆಯ ಆನೆಗೆ ಎಷ್ಟು ದಿನ ವಿಶ್ರಾಂತಿ ಬೇಕು ಎಂಬ ಪ್ರಶ್ನೆಗಳನ್ನು ಬಿಡಿಸಲು ಬೇಕಾದುದೂ ಇಂತಹ ಪುಟಗಳೇ; ಅವು ಹೆಚ್ಚು ದಿನಗಳವೂ ಹೆಚ್ಚು ಎಚ್ಚರಿಕೆಯಿಂದ ಬರೆದವೂ ಆಗಿರಬೇಕು, ಅಷ್ಟೆ.